ಹಿಮದ ರಸ್ತೆಗೆ ಟೈರ್ ಮಾಡೆಲ್ ಕಟ್ಟುವುದು ಹೇಗೆ

ಒಣ ರಸ್ತೆಗೆ ಮಾಡಿಟ್ಟ ಟೈರ್ ಮಾಡೆಲ್ ಕೈಲಿದೆ, ಅಂದರೆ ಟೈರ್ ಎಷ್ಟು ಬಲ ಹುಟ್ಟಿಸುತ್ತದೆ ಅಂತ ಲೆಕ್ಕ ಹಾಕುವ ಸೂತ್ರ. ಈಗ ಅದೇ ಗಾಡಿಯನ್ನು ಹಿಮದ ಮೇಲೆ ಓಡಿಸಿ ನೋಡಬೇಕು. ಇಂಥ ಹೊತ್ತಲ್ಲಿ ಹೆಚ್ಚಿನವರು ಘರ್ಷಣೆಯ ಗುಣಾಂಕವನ್ನು 0.3ಕ್ಕೆ ಇಳಿಸುತ್ತಾರೆ, ಮಿಕ್ಕಿದ್ದನ್ನೆಲ್ಲ ಹಾಗೇ ಬಿಟ್ಟು ಸಿಮ್ಯುಲೇಶನ್ ಓಡಿಸುತ್ತಾರೆ. ಗಾಡಿ ಜಾರುತ್ತದೆ, ನಿಲ್ಲೋಕೆ ಜಾಸ್ತಿ ದೂರ ತಗೊಳ್ಳುತ್ತದೆ, ಮೇಲ್ನೋಟಕ್ಕೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆದರೆ ಅದೇ ಮಾಡೆಲ್ ಇಟ್ಟುಕೊಂಡು ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಅಥವಾ ಟ್ರ್ಯಾಕ್ಷನ್ ಕಂಟ್ರೋಲ್ (ಎಳೆಯುವಾಗ ಚಕ್ರ ಸುಮ್ಮನೆ ತಿರುಗದಂತೆ ತಡೆಯುವ ವ್ಯವಸ್ಥೆ) ಟ್ಯೂನ್ ಮಾಡಲು ಕೂತರೆ ಉತ್ತರಗಳು ಪೂರ್ತಿ ತಪ್ಪಾಗುತ್ತವೆ. ಚಕ್ರ ಎಷ್ಟು ಜಾರಿದರೆ ಎಷ್ಟು ಹಿಡಿತ ಅಂತ ತೋರಿಸುವ ಕರ್ವ್ ಇದೆಯಲ್ಲ, ಹಿಮದ ಮೇಲೆ ಅದರ ಎತ್ತರದ ಜೊತೆ ಆಕಾರವೂ ಬದಲಾಗುತ್ತದೆ. ಆ ಆಕಾರವನ್ನು ಸರಿಯಾಗಿ ಹಿಡಿಯುವುದು ಹೇಗೆ ಅನ್ನುವುದೇ ಇಲ್ಲಿನ ವಿಷಯ. ಸ್ವಲ್ಪ ಪ್ರೋಗ್ರಾಮಿಂಗ್, ಕಾಲೇಜು ಮಟ್ಟದ ಭೌತಶಾಸ್ತ್ರ ಗೊತ್ತಿದ್ದರೆ ಸಾಕು.

ಮೊದಲು ಯಾವ ಹಿಮ ಅಂತ ತೀರ್ಮಾನ ಮಾಡಿ

ಕೋಡ್ ಬರೆಯುವ ಮುಂಚೆ ಈ ಪ್ರಶ್ನೆಗೆ ಉತ್ತರ ಬೇಕು. ಈಗಷ್ಟೇ ಬಿದ್ದ ಪುಡಿ ಹಿಮದ ಸಾಂದ್ರತೆ ಘನ ಮೀಟರಿಗೆ 50ರಿಂದ 100 ಕೆಜಿ ಆಸುಪಾಸು ಇರುತ್ತದೆ. ಗಾಡಿಗಳು ಓಡಾಡಿ ಗಟ್ಟಿಯಾದ ಹಿಮ ಸುಮಾರು 500 ಕೆಜಿ ತಲುಪುತ್ತದೆ. ಶುದ್ಧ ಮಂಜುಗಡ್ಡೆ ಅಂದರೆ 917. ಇವುಗಳ ಮಧ್ಯೆ ಅರ್ಧ ಕರಗಿ ಕೆಸರಿನಂತಾದ ಹಿಮವೂ ಇದೆ, ಗಟ್ಟಿ ಹಿಮದ ಮೇಲೆ ಚಕ್ರಗಳು ಉಜ್ಜಿ ಉಜ್ಜಿ ಗಾಜಿನಂತೆ ನುಣ್ಣಗಾದ ಪದರವೂ ಇದೆ.

ಪ್ರತಿಯೊಂದರಲ್ಲೂ ಟೈರ್ ಬೇರೆ ಬೇರೆ ರೀತಿಯಲ್ಲಿ ಬಲ ಹುಟ್ಟಿಸುತ್ತದೆ. ನುಣ್ಣಗಾದ ಪದರದ ಮೇಲೆ ರಬ್ಬರ್ ಮತ್ತು ಮೇಲ್ಮೈ ನಡುವಿನ ಉಜ್ಜಾಟವೇ ಮುಖ್ಯ. ಗಟ್ಟಿ ಹಿಮದಲ್ಲಿ ಟ್ರೆಡ್‌ನ (ರಸ್ತೆಗೆ ತಾಗುವ, ಗೀರುಗಳಿರುವ ಟೈರ್ ಮೈಯ) ಅಂಚುಗಳು ಕಚ್ಚಿ ಹಿಡಿಯುತ್ತವೆ, ಟ್ರೆಡ್‌ನ ಕಾಲುವೆಗಳಲ್ಲಿ ಸಿಕ್ಕಿಕೊಂಡ ಹಿಮ ಕೆಳಗಿನ ಹಿಮಕ್ಕೆ ಅಂಟಿಕೊಳ್ಳುತ್ತದೆ, ಅದನ್ನು ಕತ್ತರಿಸಿಕೊಂಡು ಹೋಗಲು ಬಲ ಬೇಕಾಗುತ್ತದೆ. ಆಳವಾದ ಪುಡಿ ಹಿಮದಲ್ಲಿ ಚಕ್ರ ಹೂತುಹೋಗುತ್ತದೆ, ಮುಂದಿರುವ ಹಿಮವನ್ನು ಅದುಮುತ್ತಾ, ತಳ್ಳುತ್ತಾ ಸಾಗಬೇಕು. ಈ ಮೂರಕ್ಕೂ ಒಂದೇ ಸೂತ್ರ, ಒಂದೇ ಸಂಖ್ಯೆ ಹಾಕಿದರೆ ಹೇಗೆ ಸರಿಹೋದೀತು, ಅಲ್ವಾ?

ಹಿಮ ಎಷ್ಟು ಗಟ್ಟಿ ಅಂತ ಕಣ್ಣಂದಾಜಿನಲ್ಲಿ ಹೇಳಬೇಡಿ. ಗೊತ್ತಾದ ತೂಕದ ಚೂಪು ಮೊನೆಯ ಉಪಕರಣವನ್ನು ಗೊತ್ತಾದ ಎತ್ತರದಿಂದ ಬೀಳಿಸಿ, ಎಷ್ಟು ಆಳ ಇಳಿಯಿತು ಅಂತ ಅಳೆಯಿರಿ. ಪೆನೆಟ್ರೋಮೀಟರ್ ಮಾಡುವುದು ಇಷ್ಟೇ ಕೆಲಸ. ಈ ಅಳತೆಯ ಜೊತೆಗೆ ಗಾಳಿಯ ಮತ್ತು ಹಿಮದ ತಾಪಮಾನವನ್ನೂ ಬರೆದಿಡದೆ ಹೋದರೆ, ಮುಂದೆ ಎಷ್ಟೇ ಡೇಟಾ ತೆಗೆದರೂ ಅದು ಯಾವ ರಸ್ತೆಯದು ಅಂತ ಯಾರಿಗೂ ಗೊತ್ತಾಗಲ್ಲ.

ಸ್ಲಿಪ್ ಮತ್ತು ಸೂತ್ರ

ಬ್ರೇಕ್ ಹಾಕುವಾಗ ಸ್ಲಿಪ್ ಅಂದರೆ ಗಾಡಿಯ ವೇಗದಿಂದ ಚಕ್ರದ ಅಂಚಿನ ವೇಗವನ್ನು ಕಳೆದು, ಗಾಡಿಯ ವೇಗದಿಂದ ಭಾಗಿಸಿದ ಸಂಖ್ಯೆ. ಆರಾಮಾಗಿ ಉರುಳುತ್ತಿದ್ದರೆ 0, ಚಕ್ರ ಪೂರ್ತಿ ಲಾಕ್ ಆದರೆ 1. ಟೈರ್ ಹುಟ್ಟಿಸುವ ಬಲವನ್ನು ಅದರ ಮೇಲಿರುವ ಭಾರದಿಂದ ಭಾಗಿಸಿದರೆ ಮ್ಯೂ. ಸ್ಲಿಪ್‌ಗೆ ತಕ್ಕಂತೆ ಮ್ಯೂ ಹೇಗೆ ಏರಿಳಿಯುತ್ತದೆ ಅನ್ನುವ ಕರ್ವೇ ನಮ್ಮ ಮಾಡೆಲ್‌ನ ಜೀವ.

ಇದಕ್ಕೆ ಎಲ್ಲರೂ ಬಳಸುವುದು ಮ್ಯಾಜಿಕ್ ಫಾರ್ಮುಲಾ. ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಹಾನ್ಸ್ ಪಸೆಯ್ಕಾ ಮತ್ತು ಜೊತೆಗಾರರು ಇದನ್ನು 1987ರಲ್ಲಿ ಪ್ರಕಟಿಸಿದರು. ಸೂತ್ರ ಹೀಗಿದೆ:

ಮ್ಯೂ = ಡಿ × ಸೈನ್( ಸಿ × ಆರ್ಕ್‌ಟ್ಯಾನ್( ಬಿ×ಎಸ್ − ಇ × ( ಬಿ×ಎಸ್ − ಆರ್ಕ್‌ಟ್ಯಾನ್(ಬಿ×ಎಸ್) ) ) )

ಎಸ್ ಅಂದರೆ ಸ್ಲಿಪ್. ಡಿ ಕರ್ವ್‌ನ ತುದಿಯ, ಅಂದರೆ ಅತಿ ಎತ್ತರದ ಜಾಗದ, ಎತ್ತರ. ಬಿ, ಸಿ, ಡಿ ಮೂರನ್ನೂ ಗುಣಿಸಿದರೆ ಆರಂಭದಲ್ಲಿ ಕರ್ವ್ ಎಷ್ಟು ಕಡಿದಾಗಿ ಏರುತ್ತದೆ ಅನ್ನುವುದು ಸಿಗುತ್ತದೆ. ಸಿ ಮತ್ತು ಇ ಸೇರಿ ತುದಿ ದಾಟಿದ ಮೇಲಿನ ಆಕಾರವನ್ನು ನಿರ್ಧರಿಸುತ್ತವೆ. ಕೋನಗಳೆಲ್ಲ ರೇಡಿಯನ್‌ನಲ್ಲಿ.

ಹಿಮಕ್ಕೆ ಸಾಮಾನ್ಯವಾಗಿ ಸಿಗುವ ಸೆಟ್ ಇದು: ಬಿ 5, ಸಿ 2, ಡಿ 0.3, ಇ 1. ಒಣ ಡಾಂಬರಿಗೆ ಬಿ 10, ಸಿ 1.9, ಡಿ 1, ಇ 0.97. ಆರಂಭದ ಏರಿಕೆ ಒಣ ರಸ್ತೆಯಲ್ಲಿ 19, ಹಿಮದಲ್ಲಿ 3. ಒಣ ಸೆಟ್‌ನಲ್ಲಿ ಬರೀ ಡಿ ಬದಲಾಯಿಸಿದ್ದರೆ 5.7 ಬರುತ್ತಿತ್ತು, ಅಂದರೆ ಹೆಚ್ಚುಕಡಿಮೆ ಎರಡರಷ್ಟು ಬಿಗಿಯಾದ ಟೈರ್. ತುದಿ ಇರುವ ಜಾಗವೂ ಬೇರೆ. ಒಣ ಸೆಟ್‌ನಲ್ಲಿ ಅದು ಸುಮಾರು 18% ಸ್ಲಿಪ್‌ನಲ್ಲಿದೆ, ಹಿಮದ ಸೆಟ್‌ನಲ್ಲಿ 31% ಹತ್ತಿರ.

ಇನ್ನೊಂದು ಹೆಸರಾದ ಮಾಡೆಲ್ ಬರ್ಕ್‌ಹಾರ್ಟ್ ಅವರದ್ದು. ಬರೀ ಮೂರು ಸಂಖ್ಯೆ ಸಾಕು:

ಮ್ಯೂ = ಸಿ1 × ( 1 − ಎಕ್ಸ್‌ಪ್(−ಸಿ2×ಎಸ್) ) − ಸಿ3×ಎಸ್

ಹಿಮಕ್ಕೆ ಇಲ್ಲಿ ಬಳಸುವ ಸಂಖ್ಯೆಗಳು 0.1946, 94.129, 0.0646. ಒಣ ಡಾಂಬರಿಗೆ 1.2801, 23.99, 0.52.

ಈ ಎರಡು ಸೆಟ್‌ಗಳನ್ನು ಒಟ್ಟಿಗೆ ಇಟ್ಟು ನೋಡಿ

ಇಲ್ಲಿ ದಯವಿಟ್ಟು ಸ್ವಲ್ಪ ನಿಲ್ಲಿ. ಕ್ಯಾಲ್ಕ್ಯುಲೇಟರ್ ತಗೊಂಡು ನೀವೇ ಲೆಕ್ಕ ಹಾಕಿದರೆ ಇನ್ನೂ ಒಳ್ಳೆಯದು. ಒಣ ರಸ್ತೆಯಲ್ಲಿ ಎರಡೂ ಮಾಡೆಲ್‌ಗಳ ತುದಿ ಹತ್ತಿರ ಹತ್ತಿರ ಬರುತ್ತದೆ. ಒಂದರಲ್ಲಿ 18%, ಇನ್ನೊಂದರಲ್ಲಿ 17%. ಹಿಮಕ್ಕೆ ಬಂದರೆ ಮ್ಯಾಜಿಕ್ ಫಾರ್ಮುಲಾ ಸೆಟ್‌ನ ತುದಿ 31% ಸ್ಲಿಪ್‌ನಲ್ಲಿ, ಮ್ಯೂ 0.30. ಬರ್ಕ್‌ಹಾರ್ಟ್ ಸೆಟ್‌ನ ತುದಿ 6% ಸ್ಲಿಪ್‌ನಲ್ಲಿ, ಮ್ಯೂ 0.19. ಆರಂಭದ ಏರಿಕೆ ಮೊದಲನೆಯದರಲ್ಲಿ 3, ಎರಡನೆಯದರಲ್ಲಿ 18ಕ್ಕಿಂತ ಜಾಸ್ತಿ. ಆರು ಪಟ್ಟು ವ್ಯತ್ಯಾಸ! 3% ಸ್ಲಿಪ್‌ನಲ್ಲಿ ಒಂದು ಮಾಡೆಲ್ 0.09 ಅನ್ನುತ್ತದೆ, ಇನ್ನೊಂದು 0.18 ಅನ್ನುತ್ತದೆ. ಅಂದರೆ ತುದಿಯಲ್ಲಿ ಕಡಿಮೆ ಹಿಡಿತ ಇರುವ ಸೆಟ್ಟೇ ಸಣ್ಣ ಸ್ಲಿಪ್‌ನಲ್ಲಿ ಎರಡು ಪಟ್ಟು ಹಿಡಿತ ಕೊಡುತ್ತಿದೆ.

ಇದರ ಪರಿಣಾಮ ನಿಲ್ಲುವ ದೂರದಲ್ಲಿ ಎದ್ದು ಕಾಣುತ್ತದೆ. ಗಂಟೆಗೆ 50 ಕಿಮೀ ವೇಗದಿಂದ, ಎಬಿಎಸ್ ಸದಾ ತುದಿಯಲ್ಲೇ ಹಿಡಿದಿಡುತ್ತದೆ ಅಂದುಕೊಂಡರೆ, ಮ್ಯಾಜಿಕ್ ಸೆಟ್‌ನಲ್ಲಿ ಗಾಡಿ ಸುಮಾರು 33 ಮೀಟರಿಗೆ ನಿಲ್ಲುತ್ತದೆ, ಚಕ್ರ ಲಾಕ್ ಮಾಡಿದರೆ 34 ಚಿಲ್ಲರೆ. ಬರ್ಕ್‌ಹಾರ್ಟ್ ಸೆಟ್‌ನಲ್ಲಿ ಎಬಿಎಸ್ ಜೊತೆ 52 ಮೀಟರ್, ಲಾಕ್ ಮಾಡಿದರೆ 76. ಮೊದಲನೆಯದನ್ನು ನಂಬಿದರೆ ನಿಲ್ಲುವ ದೂರಕ್ಕೆ ಎಬಿಎಸ್‌ನಿಂದ ಹೆಚ್ಚೇನೂ ಉಪಯೋಗವಿಲ್ಲ. ಎರಡನೆಯದನ್ನು ನಂಬಿದರೆ ಐದಾರು ಕಾರುಗಳ ಉದ್ದದಷ್ಟು ಲಾಭ. ಎರಡು ಸೆಟ್‌ಗೂ ಹಿಮ ಅಂತಲೇ ಹೆಸರು.

ಯಾವುದು ಸರಿ ಅಂದರೆ, ತಮ್ಮ ತಮ್ಮ ರಸ್ತೆಗೆ ಎರಡೂ ಸರಿ ಇರಬಹುದು. ಅಗಲವಾದ, ಮೆತ್ತನೆ ತುದಿಯ ಕರ್ವ್ ಸಡಿಲವಾದ ಹಿಮದ ಸ್ವಭಾವಕ್ಕೆ ಹತ್ತಿರ. ಬೇಗ ಏರಿ ಬೇಗ ಸೋಲುವ ಕರ್ವ್ ಗಟ್ಟಿಯಾಗಿ ನುಣ್ಣಗಾದ ಮೇಲ್ಮೈಗೆ ಹತ್ತಿರ. ಹಾಗಾಗಿ ಯಾವ ಟೇಬಲ್‌ನಿಂದಲೂ ಸುಮ್ನೆ ಒಂದು ಸಾಲು ಎತ್ತಿಕೊಳ್ಳಬೇಡಿ. ಎರಡನ್ನೂ ಎರಡು ಕೊನೆಗಳಂತೆ ಇಟ್ಟುಕೊಂಡು, ನಿಮ್ಮ ಎಬಿಎಸ್ ಅಥವಾ ಟ್ರ್ಯಾಕ್ಷನ್ ಕಂಟ್ರೋಲರ್ ಎರಡರಲ್ಲೂ ಕೆಲಸ ಮಾಡುತ್ತದಾ ಅಂತ ನೋಡಿ. ಅಳತೆಯ ಡೇಟಾ ಸಿಗುವ ತನಕ ಇದಕ್ಕಿಂತ ಪ್ರಾಮಾಣಿಕವಾದ ದಾರಿ ನನಗೆ ಕಾಣುವುದಿಲ್ಲ.

ಅಳತೆ ಮಾಡಿ ಫಿಟ್ ಮಾಡುವುದು

ಹಿಮದ ಮೇಲೆ ಸುತ್ತು ಸುತ್ತಾಗಿ ಬ್ರೇಕ್ ಹಾಕಿ ಸ್ಲಿಪ್ ಮತ್ತು ಮ್ಯೂ ಅಳೆಯಬೇಕು, ಆಮೇಲೆ ಆ ಡೇಟಾಗೆ ಹೊಂದುವಂತೆ ಸೂತ್ರದ ಸಂಖ್ಯೆಗಳನ್ನು ಹುಡುಕಬೇಕು, ಅದೇ ಫಿಟ್ ಮಾಡುವುದು. ಅಳತೆಯಲ್ಲಿ ಹೆಚ್ಚು ಕಾಟ ಕೊಡುವುದು ಚಕ್ರದ ತ್ರಿಜ್ಯ. ತ್ರಿಜ್ಯದಲ್ಲಿ 1% ತಪ್ಪಿದ್ದರೆ ಸ್ಲಿಪ್‌ನಲ್ಲೂ ಸುಮಾರು 1% ತಪ್ಪು ಬರುತ್ತದೆ, ಅಂದರೆ 6% ಇರುವುದು 5 ಅಥವಾ 7 ಅಂತ ಕಾಣುತ್ತದೆ. ತುದಿಯೇ 6%ನಲ್ಲಿರುವಾಗ ಇದು ಸಣ್ಣ ವಿಷಯವಲ್ಲ, ಆರಂಭದ ಏರಿಕೆಯ ಲೆಕ್ಕವೇ ಕೆಡುತ್ತದೆ. ಆದ್ದರಿಂದ ಪ್ರತಿ ಸುತ್ತಿನ ಮುಂಚೆ ಗಾಡಿಯನ್ನು ನ್ಯೂಟ್ರಲ್‌ನಲ್ಲಿ ನೇರವಾಗಿ ಉರುಳಲು ಬಿಟ್ಟು, ಆಗಿನ ವೇಗ ಮತ್ತು ಚಕ್ರದ ತಿರುಗುವಿಕೆಯಿಂದ ತ್ರಿಜ್ಯವನ್ನು ಹೊಸದಾಗಿ ಲೆಕ್ಕ ಹಾಕಿ. ಗಾಡಿಯ ವೇಗಕ್ಕೆ ಜಿಪಿಎಸ್ ಅಥವಾ ಆಪ್ಟಿಕಲ್ ಸೆನ್ಸರ್ ಬಳಸಿ. ಬ್ರೇಕ್ ಹಾಕುವಾಗ ನಾಲ್ಕೂ ಚಕ್ರ ಜಾರುತ್ತಿರುತ್ತವೆ, ಚಕ್ರದ ಸೆನ್ಸರ್‌ನಿಂದಲೇ ಗಾಡಿಯ ವೇಗ ತೆಗೆಯಲು ಹೋದರೆ ಸ್ಲಿಪ್ ಕಾಣುವುದೇ ಇಲ್ಲ.

ಇನ್ನೊಂದು ವಿಷಯ ರಸ್ತೆಯದ್ದು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬ್ರೇಕ್ ಹಾಕಿದರೆ ಹಿಮ ನುಣ್ಣಗಾಗುತ್ತಾ ಹೋಗುತ್ತದೆ. ಮೊದಲ ಸುತ್ತಿನ ರಸ್ತೆ ಬೇರೆ, ಕೊನೆಯ ಸುತ್ತಿನ ರಸ್ತೆ ಬೇರೆ. ಪ್ರತಿ ಸಲ ಸ್ವಲ್ಪ ಪಕ್ಕಕ್ಕೆ ಸರಿಯಿರಿ, ನಡುನಡುವೆ ಒಂದು ರೆಫರೆನ್ಸ್ ಟೈರ್ (ಹೋಲಿಕೆಗೆಂದೇ ಇಟ್ಟುಕೊಂಡ ಅದೇ ಟೈರ್) ಓಡಿಸಿ. ರೆಫರೆನ್ಸ್‌ನ ಸಂಖ್ಯೆ ಬದಲಾಗಿದ್ದರೆ ಬದಲಾಗಿದ್ದು ರಸ್ತೆ, ನಿಮ್ಮ ಟೈರ್ ಅಲ್ಲ. ಹಿಮಕ್ಕೆ ತಕ್ಕ ಟೈರ್‌ಗಳ ಮೇಲಿರುವ, ಮೂರು ಶಿಖರದ ಬೆಟ್ಟ ಮತ್ತು ಹಿಮದ ಹರಳಿನ ಗುರುತು ಪಡೆಯಲು ಬಳಸುವ ಎಎಸ್‌ಟಿಎಂ ಎಫ್1805 ಪರೀಕ್ಷೆಯಲ್ಲೂ ರೆಫರೆನ್ಸ್ ಟೈರ್‌ಗೆ ಹೋಲಿಸಿಯೇ ಅಂಕ ಕೊಡುತ್ತಾರೆ. ಆ ಪರೀಕ್ಷೆ ನೋಡುವುದು ಗಾಡಿಯನ್ನು ಮುಂದಕ್ಕೆ ಎಳೆಯುವ ಬಲವನ್ನು. ಹಾಗಾಗಿ ಟೈರ್ ಮೇಲೆ ಆ ಗುರುತಿದೆ ಅಂತ ಬ್ರೇಕಿಗೋ ತಿರುವಿಗೋ ಡಿ ಬೆಲೆ ಏರಿಸಬೇಡಿ.

ಫಿಟ್ ಮಾಡುವಾಗ ನಾಲ್ಕೂ ಸಂಖ್ಯೆಗಳನ್ನು ಒಟ್ಟಿಗೆ ಬಿಟ್ಟರೆ ಸಿ ಮತ್ತು ಇ ಒಂದರ ತಪ್ಪನ್ನು ಇನ್ನೊಂದು ಮುಚ್ಚಿಕೊಂಡು ವಿಚಿತ್ರ ಉತ್ತರ ಕೊಡುತ್ತವೆ. ಸಿ ಅನ್ನು 2 ಅಂತ ಕಟ್ಟಿಹಾಕಿ, ಬಿ, ಡಿ, ಇ ಮೂರನ್ನು ಮಾತ್ರ ಬಿಡಿ. ಪೈಥಾನ್‌ನ ಸೈಪೈ ಲೈಬ್ರರಿಯಲ್ಲಿರುವ ಕರ್ವ್ ಫಿಟ್ ಫಂಕ್ಷನ್ ಸಾಕು, ಪ್ರತಿ ಸಂಖ್ಯೆಗೂ ಮಿತಿ ಹಾಕಿ. ತುದಿ ದಾಟಿದ ಮೇಲೆ ಚಕ್ರ ಕಣ್ಣುಮುಚ್ಚಿ ತೆಗೆಯುವುದರಲ್ಲಿ ಲಾಕ್ ಆಗಿಬಿಡುತ್ತದೆ, ಅಲ್ಲಿ ಡೇಟಾ ತೀರಾ ಕಡಿಮೆ ಸಿಗುತ್ತದೆ. ಸಣ್ಣ ಸ್ಲಿಪ್‌ನಲ್ಲಿ ರಾಶಿ ಬಿದ್ದಿರುತ್ತದೆ. ಹಾಗೇ ಫಿಟ್ ಮಾಡಿದರೆ ಆ ರಾಶಿಯೇ ಗೆಲ್ಲುತ್ತದೆ. ಸ್ಲಿಪ್ ಅನ್ನು ಸಣ್ಣ ಸಣ್ಣ ಭಾಗ ಮಾಡಿ, ಪ್ರತಿ ಭಾಗದ ಸರಾಸರಿ ತೆಗೆದು, ಎಲ್ಲದಕ್ಕೂ ಸಮನಾದ ತೂಕ ಕೊಡಿ.

ಸಡಿಲ ಹಿಮ, ಆಳದ ಹಿಮ

ಸಡಿಲ ಹಿಮದಲ್ಲಿ ಲಾಕ್ ಆದ ಚಕ್ರ ತನ್ನ ಮುಂದೆ ಹಿಮದ ಗುಡ್ಡೆ ಕೂಡಿಸಿಕೊಂಡು ತಳ್ಳುತ್ತದೆ. ಆ ಗುಡ್ಡೆಯೇ ಬ್ರೇಕ್‌ನ ಕೆಲಸ ಮಾಡುತ್ತದೆ. ಎಬಿಎಸ್ ಇರುವ ಗಾಡಿ ಸಡಿಲ ಹಿಮದಲ್ಲಿ ಕೆಲವೊಮ್ಮೆ ಜಾಸ್ತಿ ದೂರ ಹೋಗಿ ನಿಲ್ಲುವುದು ಇದೇ ಕಾರಣಕ್ಕೆ. ಹಾಗಂತ ಲಾಕ್ ಆಗಲು ಬಿಟ್ಟರೆ ಸ್ಟಿಯರಿಂಗ್ ಕೈಬಿಡುತ್ತದೆ, ಅದು ಬೇರೆ ಮಾತು. ಮ್ಯಾಜಿಕ್ ಫಾರ್ಮುಲಾದಲ್ಲಿ ಈ ಗುಡ್ಡೆಗೆ ಜಾಗ ಇಲ್ಲ. ಸುಲಭದ ಉಪಾಯ ಏನೆಂದರೆ ಬಂದ ಮ್ಯೂಗೆ ಇನ್ನೊಂದು ಪದ ಕೂಡಿಸುವುದು, ಕೆ × ಎಸ್ × ಎಸ್. ಸಣ್ಣ ಸ್ಲಿಪ್‌ನಲ್ಲಿ ಇದು ಸದ್ದಿಲ್ಲದೆ ಇರುತ್ತದೆ, ಲಾಕ್ ಹತ್ತಿರ ಬಂದಾಗ ಏಳುತ್ತದೆ. ಕೆ ಬೆಲೆಯನ್ನು ಪೂರ್ತಿ ಲಾಕ್ ಮಾಡಿ ನಿಲ್ಲಿಸಿದ ಅಳತೆಯಿಂದ ತೆಗೆಯಿರಿ. ಗುಡ್ಡೆ ಕೂಡಲು ಸ್ವಲ್ಪ ದೂರ ಬೇಕು ಅನ್ನುವುದು ನೆನಪಿರಲಿ. ಎಬಿಎಸ್‌ನ ಪ್ರತಿ ಬಡಿತಕ್ಕೂ ಪೂರ್ತಿ ಕೆ ಕೊಟ್ಟುಬಿಡಬೇಡಿ.

ಆಳ ಜಾಸ್ತಿಯಾದಾಗ ಹೂಳುವಿಕೆಯ ಲೆಕ್ಕ ಬೇಕು. ಅಂದಾಜಿಗೆ ಸಾಂದ್ರತೆಯೇ ಸಾಕು. 100 ಕೆಜಿ ಸಾಂದ್ರತೆಯ 20 ಸೆಂಮೀ ಹಿಮ, ಟೈರ್ ಕೆಳಗೆ 500 ಕೆಜಿಗೆ ಅದುಮಿಕೊಂಡರೆ 4 ಸೆಂಮೀ ಆಗುತ್ತದೆ, ಅಂದರೆ ಚಕ್ರ 16 ಸೆಂಮೀ ಇಳಿಯಿತು. ಇನ್ನೂ ನಿಖರ ಬೇಕಾದರೆ ಬೆಕ್ಕರ್ ಸಮೀಕರಣ ಇದೆ. ಅದರಲ್ಲಿ ಒತ್ತಡ ಅಂದರೆ ಒಂದು ಸ್ಥಿರಾಂಕ ಗುಣಿಸು ಆಳದ ಎನ್‌ನೇ ಘಾತ. ಇಲ್ಲಿ ಒಂದು ಎಚ್ಚರ. ಎನ್ ಬದಲಾದರೆ ಆ ಸ್ಥಿರಾಂಕದ ಯೂನಿಟ್ಟೇ ಬದಲಾಗುತ್ತದೆ. ಎನ್ ಬೇರೆ ಇರುವ ಎರಡು ಟೇಬಲ್‌ಗಳ ಸ್ಥಿರಾಂಕಗಳನ್ನು ಪಕ್ಕಪಕ್ಕ ಇಟ್ಟು ಇದು ಗಟ್ಟಿ ಹಿಮ, ಅದು ಮೆತ್ತನೆ ಹಿಮ ಅಂತ ಹೇಳಲು ಬರುವುದಿಲ್ಲ.

ಒಂದು ಮೀಟರ್ ಜಾಡು ಒತ್ತಲು ಖರ್ಚಾಗುವ ಶಕ್ತಿಯೇ ಹಿಮದ ಪ್ರತಿರೋಧ. ಬೆಕ್ಕರ್ ಒತ್ತಡವನ್ನು ಮೇಲಿನಿಂದ ಹೂತ ಆಳದ ತನಕ ಇಂಟಿಗ್ರೇಟ್ ಮಾಡಿ ಟೈರ್ ಅಗಲದಿಂದ ಗುಣಿಸಿದರೆ ಅದು ಸಿಗುತ್ತದೆ. ಇದನ್ನು ಮ್ಯೂ ಒಳಗೆ ಸೇರಿಸದೆ ಬೇರೆ ಬಲವಾಗಿ ಇಡಿ. ಗಾಡಿ ಮುಂದಕ್ಕೆ ಹೋಗುವಾಗ ಇದು ಎಳೆತದಿಂದ ಕಳೆಯುತ್ತದೆ, ಬ್ರೇಕ್ ಹಾಕುವಾಗ ಬ್ರೇಕಿಗೆ ಕೂಡುತ್ತದೆ. ಹಿಡಿತ ಸಾಕಷ್ಟಿದ್ದರೂ ಗಾಡಿ ಆಳ ಹಿಮದಲ್ಲಿ ಕದಲದೆ ನಿಲ್ಲುವುದು ಈ ಕಳೆಯುವಿಕೆಯಿಂದಲೇ. ಅಗಲ ಕಡಿಮೆ ಇರುವ ಟೈರ್ ಆಳ ಹಿಮದಲ್ಲಿ ಸಲೀಸಾಗಿ ಸೀಳಿಕೊಂಡು ಹೋಗುವುದಕ್ಕೂ ಈ ಲೆಕ್ಕದಲ್ಲಿ ಕಾರಣ ಸಿಗುತ್ತದೆ.

ತಾಪಮಾನ

ಸೊನ್ನೆ ಡಿಗ್ರಿ ಹತ್ತಿರ ಹಿಮದ ಮೇಲೆ ನೀರಿನ ತೆಳು ಪದರ ಇರುತ್ತದೆ, ಹಿಡಿತ ತೀರಾ ಕಡಿಮೆ. ಮೈನಸ್ 15, ಮೈನಸ್ 20ಕ್ಕೆ ಹೋದಂತೆ ಹಿಮ ಒಣಗಿ ಗಡುಸಾಗುತ್ತದೆ, ಹಿಡಿತ ಏರುತ್ತದೆ. ಇನ್ನೊಂದು ಕಡೆ ಬೇಸಿಗೆ ಟೈರ್‌ನ ರಬ್ಬರ್ ಸುಮಾರು 7 ಡಿಗ್ರಿಗಿಂತ ಕೆಳಗೆ ಬಿರುಸಾಗುತ್ತಾ ಹೋಗುತ್ತದೆ. ಹಾಗಾಗಿ ಚಳಿ ಜಾಸ್ತಿಯಾದಾಗ ಚಳಿಗಾಲದ ಟೈರ್‌ಗೂ ಬೇಸಿಗೆ ಟೈರ್‌ಗೂ ಹಿಡಿತ ಒಂದೇ ರೀತಿ ಬದಲಾಗುವುದಿಲ್ಲ. ಮೈನಸ್ 15ರಲ್ಲಿ ತೆಗೆದ ಡಿ ಬೆಲೆಯನ್ನು ಮೈನಸ್ 1ಕ್ಕೆ ಎಳೆದು ತರಬೇಡಿ. ಅದು ಹೇಗೂ ಕೆಲಸ ಮಾಡಲ್ಲ.

ತಿರುವು ಮತ್ತು ಬ್ರೇಕ್ ಒಟ್ಟಿಗೆ

ಹಿಮದಲ್ಲಿ ಗಾಡಿ ಸುಲಭವಾಗಿ ಕೈತಪ್ಪುವ ಜಾಗ ಇದು. ತಿರುವಿನಲ್ಲಿ ಇರುವ ಅಲ್ಪ ಹಿಡಿತವನ್ನು ಬ್ರೇಕ್ ಮತ್ತು ಸ್ಟಿಯರಿಂಗ್ ಹಂಚಿಕೊಳ್ಳಬೇಕು. ಸರಳವಾದ ವಿಧಾನ ಇದು. ಉದ್ದದ ಸ್ಲಿಪ್ ಮತ್ತು ಅಡ್ಡ ಜಾರುವ ಕೋನದ ಟ್ಯಾನ್, ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯಿರಿ. ಆ ಒಟ್ಟು ಸ್ಲಿಪ್‌ಗೆ ಮ್ಯೂ ಲೆಕ್ಕ ಹಾಕಿ, ಬಂದ ಬಲವನ್ನು ಎರಡು ಸ್ಲಿಪ್‌ಗಳ ಅನುಪಾತದಲ್ಲಿ ಉದ್ದಕ್ಕೂ ಅಡ್ಡಕ್ಕೂ ಹಂಚಿ. ಎರಡು ದಿಕ್ಕಿನಲ್ಲೂ ಟೈರ್ ಒಂದೇ ಥರ ಅನ್ನುವ ಊಹೆ ಇದರಲ್ಲಿದೆ, ಟ್ರೆಡ್ ಅಂಚುಗಳಿಂದಾಗಿ ಹಿಮದಲ್ಲಿ ಅದು ಪೂರ್ತಿ ನಿಜವಲ್ಲ. ಅಡ್ಡ ದಿಕ್ಕಿನ ಡೇಟಾ ಸಿಕ್ಕ ಕೂಡಲೇ ಅದಕ್ಕೆ ಬೇರೆ ಬಿ ಮತ್ತು ಡಿ ಕೊಡಿ.

ಕಡಿಮೆ ವೇಗದಲ್ಲಿ ಸಿಮ್ಯುಲೇಶನ್ ಕುಣಿಯುವುದು

ಗಾಡಿ ನಿಲ್ಲುವ ಹೊತ್ತಿಗೆ ಚಕ್ರದ ವೇಗದ ಗ್ರಾಫ್ ಹುಚ್ಚೆದ್ದು ಮೇಲೆ ಕೆಳಗೆ ಹಾರುತ್ತದೆ. ಕಾರಣ ಲೆಕ್ಕದಲ್ಲಿದೆ. ಚಕ್ರದ ಮೇಲೆ 4000 ನ್ಯೂಟನ್ ಭಾರ, ತ್ರಿಜ್ಯ 0.3 ಮೀಟರ್, ಜಡತ್ವ 1 ಕೆಜಿ ಮೀಟರ್ ವರ್ಗ ಅಂದುಕೊಳ್ಳಿ. ಬರ್ಕ್‌ಹಾರ್ಟ್ ಹಿಮದ ಏರಿಕೆ 18 ಇರುವುದರಿಂದ, ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಚಕ್ರದ ಸ್ಲಿಪ್ ಸುಮಾರು 0.15 ಮಿಲಿಸೆಕೆಂಡ್‌ನಲ್ಲಿ ತಾನಾಗಿಯೇ ಹೊಂದಿಕೊಳ್ಳಲು ನೋಡುತ್ತದೆ. ಕಾಲವನ್ನು ಸಣ್ಣ ಹೆಜ್ಜೆಗಳಾಗಿ ಮಾಡಿ ಮುಂದಿನ ಬೆಲೆ ತೆಗೆಯುವ ಸಾಮಾನ್ಯ ಆಯ್ಲರ್ ವಿಧಾನದಲ್ಲಿ 1 ಮಿಲಿಸೆಕೆಂಡ್ ಹೆಜ್ಜೆ ಇಟ್ಟರೆ ಲೆಕ್ಕ ಒಡೆಯುವುದು ಖಂಡಿತ, ಹೆಜ್ಜೆ 0.3 ಮಿಲಿಸೆಕೆಂಡ್‌ಗಿಂತ ಕಡಿಮೆ ಬೇಕು. ವೇಗ ಇಳಿದಷ್ಟೂ ಇದು ಇನ್ನೂ ಬಿಗಿಯಾಗುತ್ತದೆ.

ಹೆಜ್ಜೆ ಸಣ್ಣದು ಮಾಡುತ್ತಾ ಹೋಗುವ ಬದಲು ರಿಲ್ಯಾಕ್ಸೇಶನ್ ಲೆಂತ್ ಸೇರಿಸಿ. ಟೈರ್ ಬಲ ಥಟ್ಟನೆ ಹುಟ್ಟುವುದಿಲ್ಲ, ಕೆಲವು ಹತ್ತು ಸೆಂಟಿಮೀಟರ್ ಉರುಳಿದ ಮೇಲೆ ಪೂರ್ತಿ ಬರುತ್ತದೆ. ಈ ತಡವನ್ನು ಮೊದಲ ದರ್ಜೆಯ ಫಿಲ್ಟರ್ ಆಗಿ ಬರೆದರೆ ಭೌತಶಾಸ್ತ್ರವೂ ಸರಿಹೋಗುತ್ತದೆ, ಕುಣಿತವೂ ತಗ್ಗುತ್ತದೆ. ಸ್ಲಿಪ್‌ನ ಭಾಗಾಕಾರದಲ್ಲಿ ವೇಗ ಸೊನ್ನೆಯಾಗದಂತೆ ಒಂದು ಸಣ್ಣ ಕನಿಷ್ಠ ಬೆಲೆಯನ್ನೂ ಇಡಿ.

ಮಾಡೆಲ್ ನಂಬುವ ಮುಂಚೆ

ಕೈಲೆಕ್ಕದಲ್ಲಿ ಗೊತ್ತಿರುವ ಉತ್ತರಗಳಿಗೆ ಹೋಲಿಸಿ. 50 ಮೀಟರ್ ತ್ರಿಜ್ಯದ ಸಮತಟ್ಟು ತಿರುವಿನಲ್ಲಿ ಮ್ಯೂ 0.3 ಇದ್ದರೆ ಮಿತಿ ಗಂಟೆಗೆ ಸುಮಾರು 44 ಕಿಮೀ, 0.19 ಇದ್ದರೆ 35. ಸಿಮ್ಯುಲೇಶನ್‌ನಲ್ಲಿ ಅದಕ್ಕಿಂತ ಜೋರಾಗಿ ತಿರುಗುತ್ತಿದ್ದರೆ ಎಲ್ಲೋ ಹಿಡಿತ ಎರಡು ಸಲ ಕೂಡಿಕೊಂಡಿದೆ. ತೂಕದ 60% ಎಳೆಯುವ ಚಕ್ರಗಳ ಮೇಲಿರುವ ಗಾಡಿ 0.3 ಮ್ಯೂ ಇದ್ದಾಗ ಹೆಚ್ಚೆಂದರೆ ಸುಮಾರು 18% ಏರು ಹತ್ತಬೇಕು, ಎಳೆಯುವುದು ಮುಂದಿನ ಚಕ್ರಗಳಾದರೆ ಏರಿನಲ್ಲಿ ಭಾರ ಹಿಂದಕ್ಕೆ ಸರಿಯುವುದರಿಂದ ಅದಕ್ಕಿಂತ ಸ್ವಲ್ಪ ಕಡಿಮೆ. ಅದೇ ಗಾಡಿಗೆ ನಾಲ್ಕು ಚಕ್ರದ ಎಳೆತ ಕೊಟ್ಟು ನೋಡಿ. ಏರು ಹತ್ತುವುದು ಸುಧಾರಿಸಬೇಕು, ನಿಲ್ಲುವ ದೂರ ಮಾತ್ರ ಬದಲಾಗಬಾರದು, ಯಾಕೆಂದರೆ ಬ್ರೇಕ್ ಮೊದಲಿಂದಲೂ ನಾಲ್ಕೂ ಚಕ್ರಕ್ಕಿದೆ. ಅದೂ ಬದಲಾಗಿದ್ದರೆ ಎಳೆತದ ಟಾರ್ಕ್ ಬ್ರೇಕ್‌ನ ಲೆಕ್ಕದೊಳಗೆ ನುಸುಳಿದೆ ಅಂತ ಅರ್ಥ. ಹುಡುಕಾಟವನ್ನು ಅಲ್ಲಿಂದಲೇ ಶುರುಮಾಡಿ.